ಸಣ್ಣ ಬೈಕುಗಳ ಡ್ರಮ್ ಬ್ರೇಕ್ ಕೀರಲು ಶಬ್ದ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಹಾಲಿನ ಕ್ಯಾನು, ಮೇವಿನ ಹೊರೆ, ಶಾಲೆಯ ಮಕ್ಕಳು ಎಲ್ಲವನ್ನೂ ಹೊತ್ತು ಓಡುವ 100ರಿಂದ 125 ಸಿಸಿ ಗಾಡಿಗಳಲ್ಲಿ ಡ್ರಮ್ ಬ್ರೇಕ್ ಇರುವವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಮುಂದೆ ಡಿಸ್ಕ್ ಇದ್ದು ಹಿಂದೆ ಮಾತ್ರ ಡ್ರಮ್ ಇರುವ ಗಾಡಿಗಳಿಗೂ ಹಿಂದಿನ ಚಕ್ರದ ಮಟ್ಟಿಗೆ ಇವು ಅನ್ವಯಿಸುತ್ತವೆ. ಅಳತೆಗಳು ಗಾಡಿಯಿಂದ ಗಾಡಿಗೆ ಸ್ವಲ್ಪ ಬದಲಾಗುವುದರಿಂದ ನಿಮ್ಮ ಗಾಡಿಯ ಜೊತೆ ಕೊಟ್ಟ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಬೇಕು.

ಬ್ರೇಕ್ ಹಾಕಿದಾಗ ಕೀರಲು ಶಬ್ದ ಬರುವುದೇಕೆ?

ಚಕ್ರದ ಹಬ್ಬಿನೊಳಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳಿರುತ್ತವೆ. ಲಿವರ್ ಹಿಡಿದಾಗ ಅಥವಾ ಪೆಡಲ್ ತುಳಿದಾಗ ಅವುಗಳ ನಡುವಿನ ಕ್ಯಾಮ್ ತಿರುಗಿ ಎರಡನ್ನೂ ಹೊರಕ್ಕೆ ತಳ್ಳುತ್ತದೆ, ಶೂಗಳ ಮೇಲೆ ಅಂಟಿಸಿರುವ ಲೈನಿಂಗ್ ಡ್ರಮ್ಮಿನ ಎರಕದ ಕಬ್ಬಿಣದ ಒಳಮೈಗೆ ಒತ್ತಿಕೊಂಡು ಉಜ್ಜುತ್ತದೆ. ಈ ಉಜ್ಜುವಿಕೆ ಸಮವಾಗಿದ್ದರೆ ಹೆಚ್ಚು ಸದ್ದಾಗುವುದಿಲ್ಲ. ಲೈನಿಂಗ್ ಒಂದು ಕ್ಷಣ ಹಿಡಿದು ಮರುಕ್ಷಣ ಜಾರುವಂತಾದರೆ ಶೂ ಅತಿವೇಗವಾಗಿ ಅದುರತೊಡಗುತ್ತದೆ, ಆ ಅದುರುವಿಕೆ ಹಬ್ಬಿಗೂ ಹರಡಿ ನಮ್ಮ ಕಿವಿಗೆ ಕೀರಲಾಗಿ ಕೇಳಿಸುತ್ತದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಎಳೆದಾಗ ಒಮ್ಮೊಮ್ಮೆ ಬರುವ ಶಬ್ದದ ಹಿಂದೆಯೂ ಇದೇ ಕಾರಣವಿದೆ.

ಹೀಗೆ ಹಿಡಿದು ಜಾರಲು ಮುಖ್ಯ ಕಾರಣ ಡ್ರಮ್ಮಿನೊಳಗೆ ತುಂಬಿಕೊಂಡ ಧೂಳು. ಅದರ ನಂತರದ ಸ್ಥಾನ ಬಿಸಿಯಿಂದ ಗಟ್ಟಿಯಾಗಿ ಹೊಳಪೇರಿದ ಲೈನಿಂಗಿನದು. ಒಣಗಿದ ಕ್ಯಾಮ್, ಸೋತ ಸ್ಪ್ರಿಂಗ್, ಸರಿಯಾಗಿ ಕೂರದ ಹೊಸ ಶೂ, ಗೀರು ಬಿದ್ದ ಡ್ರಮ್ ಇವೆಲ್ಲವೂ ಕಾರಣವಾಗಬಹುದಾದರೂ, ಶುಚಿಗೊಳಿಸುವುದಕ್ಕೆ ಮೊದಲೇ ಹೊಸ ಶೂ ಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಳಿಗ್ಗೆ ಗಾಡಿ ತೆಗೆದಾಗ ಮಾತ್ರ ಶಬ್ದ ಬಂದು ಆಮೇಲೆ ನಿಲ್ಲುತ್ತದೆ. ಇದಕ್ಕೂ ಬಿಚ್ಚಬೇಕೆ?

ಬೇಡ. ರಾತ್ರಿಯ ಮಂಜು ಅಥವಾ ಮಳೆಯ ತೇವದಿಂದ ಡ್ರಮ್ಮಿನ ಕಬ್ಬಿಣದ ಮೈಮೇಲೆ ತೆಳುವಾದ ತುಕ್ಕು ಹಿಡಿದಿರುತ್ತದೆ. ಮೊದಲ ಕೆಲವು ಸಲ ಬ್ರೇಕ್ ಹಾಕಿದಾಗ ಅದು ಉಜ್ಜಿಹೋಗಿ ಶಬ್ದವೂ ಹೋಗುತ್ತದೆ. ಗಾಡಿ ಚೆನ್ನಾಗಿ ಓಡಿದ ಮೇಲೂ ಶಬ್ದ ಉಳಿದರೆ ಮಾತ್ರ ಮುಂದಿನ ಪರೀಕ್ಷೆಗಳಿಗೆ ಹೋಗಬೇಕು.

ಆಯುಧಪೂಜೆಗೆ ವಾಟರ್ ಸರ್ವಿಸ್ ಮಾಡಿಸಿದ ಮೇಲೆ ಶಬ್ದ ಶುರುವಾಯಿತು. ಏನಾಗಿರಬಹುದು?

ಒತ್ತಡದ ನೀರನ್ನು ಹಬ್ಬಿನ ಸಂದಿಗೆ ನೇರವಾಗಿ ಹಿಡಿದರೆ ನೀರು ಒಳಗೆ ನುಗ್ಗುತ್ತದೆ, ಒಳಗಿದ್ದ ಧೂಳು ಕೆಸರಾಗಿ ಲೈನಿಂಗಿಗೆ ಮೆತ್ತಿಕೊಳ್ಳುತ್ತದೆ. ಬರೀ ನೀರಾಗಿದ್ದರೆ ನಿಧಾನವಾಗಿ ಗಾಡಿ ಓಡಿಸುತ್ತಾ ಬ್ರೇಕನ್ನು ಹಗುರವಾಗಿ ಕೆಲವು ಸಲ ಒತ್ತಿದಾಗ ಬಿಸಿಗೆ ಒಣಗುತ್ತದೆ. ಕೆಸರಾಗಿದ್ದರೆ ಒಣಗಿ ಗಟ್ಟಿಯಾಗುವುದರಿಂದ ಚಕ್ರ ಬಿಚ್ಚಿಯೇ ತೆಗೆಯಬೇಕಾಗುತ್ತದೆ. ವಿ.ಸಿ. ನಾಲೆಯ ಮೆಟ್ಟಿಲಿಗೆ ಗಾಡಿ ಇಳಿಸಿ ಹಬ್ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ ತೊಳೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ತೊಳೆದ ಮೇಲೆ ತುಕ್ಕು ಹಿಡಿಯದಿರಲೆಂದು ಗಾಡಿಯ ಕೆಳಭಾಗಕ್ಕೆಲ್ಲ ಡೀಸೆಲ್ ಅಥವಾ ಎಣ್ಣೆ ಸಿಂಪಡಿಸುವ ಪದ್ಧತಿ ಹಲವು ಕಡೆ ಇದೆ. ಹೊಳಪು ಬರುತ್ತದೆ ಎಂಬುದು ನಿಜ, ಆದರೆ ಅದರ ಹನಿ ಡ್ರಮ್ಮನ್ನು ಮುಚ್ಚಿರುವ ಬ್ರೇಕ್ ಪ್ಲೇಟಿನ ಸಂದಿಯಿಂದ ಒಳಗೆ ಹೋದರೆ ಬ್ರೇಕೇ ಹಿಡಿಯದಂತಾಗಬಹುದು. ಚಕ್ರಗಳ ಹತ್ತಿರ ಸಿಂಪಡಿಸಬಾರದೆಂದು ಮೊದಲೇ ಹೇಳಿ, ಎದುರಿಗೆ ನಿಂತು ನೋಡಿ.

ಯಾವ ಶಬ್ದ ಬಂದರೆ ಗಾಡಿ ಓಡಿಸಲೇಬಾರದು?

ಸಣ್ಣಗೆ ಕೀರಲು ಬಂದು ಬ್ರೇಕ್ ಎಂದಿನಂತೆ ಹಿಡಿಯುತ್ತಿದ್ದರೆ ಎಚ್ಚರಿಕೆಯಿಂದ ಮನೆ ಸೇರಬಹುದು. ಗರಗರನೆ ಲೋಹಕ್ಕೆ ಲೋಹ ಉಜ್ಜುವ ಸದ್ದು ಬಂದರೆ ಲೈನಿಂಗ್ ಪೂರ್ತಿ ಸವೆದು ಶೂವಿನ ಅಲ್ಯೂಮಿನಿಯಂ ಮೈಯೇ ಡ್ರಮ್ಮಿಗೆ ತಾಗುತ್ತಿರಬಹುದು ಅಥವಾ ಲೈನಿಂಗ್ ಕಿತ್ತುಬಂದಿರಬಹುದು. ಕಿತ್ತುಬಂದ ತುಂಡು ಶೂ ಮತ್ತು ಡ್ರಮ್ ನಡುವೆ ಸಿಕ್ಕಿಕೊಂಡರೆ ಚಕ್ರ ಓಡುತ್ತಿರುವಾಗಲೇ ಬಿಗಿದುಕೊಳ್ಳುತ್ತದೆ. ಪೆಡಲ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿದ್ದರೆ, ಹಬ್ ಮುಟ್ಟಲಾಗದಷ್ಟು ಸುಡುತ್ತಿದ್ದರೆ, ಬ್ರೇಕ್ ಹಾಕಿದಾಗ ಟಕ್ ಎಂದು ಏನೋ ಜರುಗಿದಂತಾದರೆ ಅಲ್ಲೇ ನಿಲ್ಲಿಸಿ.

ಬಿಚ್ಚುವ ಮೊದಲು ಹೊರಗಿನಿಂದಲೇ ಏನೇನು ನೋಡಬಹುದು?

ಮೊದಲು ಶಬ್ದ ಯಾವ ಚಕ್ರದ್ದೆಂದು ಖಚಿತಪಡಿಸಿಕೊಳ್ಳಿ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಮುಂದಿನ ಲಿವರನ್ನು ಮಾತ್ರ ಹಿಡಿದು ನೋಡಿ, ಆಮೇಲೆ ಹಿಂದಿನ ಪೆಡಲನ್ನು ಮಾತ್ರ ತುಳಿದು ನೋಡಿ. ಇಲ್ಲಿ ಒಂದು ತೊಡಕಿದೆ. 2019ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮಾರಾಟವಾಗುವ 125 ಸಿಸಿ ವರೆಗಿನ ಗಾಡಿಗಳಿಗೆ ಎರಡೂ ಬ್ರೇಕ್‌ಗಳನ್ನು ಜೋಡಿಸುವ ಸಿಬಿಎಸ್ ಅಥವಾ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕಡ್ಡಾಯವಾಯಿತು. ಸಿಬಿಎಸ್ ಇರುವ ಬೈಕಿನಲ್ಲಿ ಹಿಂದಿನ ಪೆಡಲ್ ತುಳಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುವುದರಿಂದ, ಪೆಡಲಿಗೆ ಶಬ್ದ ಬಂತೆಂದ ಮಾತ್ರಕ್ಕೆ ದೋಷ ಹಿಂದಿನದೇ ಎಂದು ತೀರ್ಮಾನಿಸಲಾಗದು. ಮುಂದಿನ ಲಿವರಿಗೆ ಶಬ್ದವಿಲ್ಲದೆ ಪೆಡಲಿಗೆ ಮಾತ್ರ ಬಂದರೆ ಹಿಂದಿನ ಚಕ್ರವನ್ನು ಮೊದಲು ನೋಡಬಹುದು.

ಬ್ರೇಕ್ ಪ್ಲೇಟಿನ ಹೊರಮೈಯಲ್ಲಿ, ಕ್ಯಾಮನ್ನು ತಿರುಗಿಸುವ ಬ್ರೇಕ್ ಆರ್ಮ್ ಬುಡದಲ್ಲಿ, ಸಣ್ಣ ಬಾಣದ ಗುರುತೂ ಅದರ ಪಕ್ಕದಲ್ಲಿ ಒಂದು ಗೆರೆಯೂ ಇರುತ್ತವೆ. ಪೆಡಲನ್ನು ಪೂರ್ತಿ ಒತ್ತಿದಾಗ ಬಾಣ ಆ ಗೆರೆಯನ್ನು ಮುಟ್ಟಿದರೆ ಶೂ ಬದಲಾಯಿಸುವ ಕಾಲ ಬಂದಿದೆ ಎಂದರ್ಥ. ಈ ಗುರುತಿನ ಮೇಲೆ ಮಣ್ಣು ಕೂತಿರುವುದರಿಂದ ಬಟ್ಟೆಯಿಂದ ಒರೆಸಿದ ಮೇಲೆಯೇ ಕಾಣುತ್ತದೆ.

ರಾಗಿ, ಹುರುಳಿ ಒಕ್ಕಣೆಯ ಕಾಲದಲ್ಲಿ ರಸ್ತೆಗೆ ಹರಡಿದ ಹುಲ್ಲು ಆಕ್ಸಲ್ಲಿಗೆ ಸುತ್ತಿಕೊಂಡು ಹಬ್ ಮತ್ತು ಬ್ರೇಕ್ ಪ್ಲೇಟ್ ನಡುವೆ ಸಿಕ್ಕಿ ಕೆರೆಯುವ ಸದ್ದು ಮಾಡುವುದೂ ಉಂಟು. ಬ್ರೇಕ್ ಹಾಕದಿದ್ದಾಗಲೂ ಸದ್ದು ಬರುತ್ತಿದ್ದರೆ ಮೊದಲು ಆ ಸಂದಿಯನ್ನು ಬಗ್ಗಿ ನೋಡಿ.

ಈ ಕೆಲಸವನ್ನು ಮನೆಯಲ್ಲೇ ಮಾಡಬಹುದೆ?

ಚಕ್ರ ಬಿಚ್ಚಿ ಹಾಕಿ ಅಭ್ಯಾಸವಿರುವವರು ಮಾಡಬಹುದು. ಆಕ್ಸಲ್ ನಟ್ಟಿಗೆ ಹೊಂದುವ ಸ್ಪ್ಯಾನರ್, ಇಕ್ಕಳ, ಒರಟು ಬ್ರಷ್, ಸ್ಯಾಂಡ್ ಪೇಪರ್, ಶಾಖ ತಡೆಯುವ ಗ್ರೀಸ್, ನಟ್ ಕಳಚದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್, ಹಳೆಯ ಬಟ್ಟೆ, ಮೂಗು ಬಾಯಿ ಮುಚ್ಚುವ ಮಾಸ್ಕ್ ಇಷ್ಟು ಬೇಕು. ಮೊದಲ ಸಲ ಮಾಡುವವರು ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ, ಏಕೆಂದರೆ ಕೀರಲು ಶಬ್ದದೊಂದಿಗೆ ಬದುಕಬಹುದು, ತಪ್ಪಾಗಿ ಜೋಡಿಸಿದ ಬ್ರೇಕಿನೊಂದಿಗೆ ಬದುಕಲಾಗದು.

ಚಕ್ರವನ್ನು ಹೇಗೆ ಬಿಚ್ಚಬೇಕು?

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ಸೆಂಟರ್ ಸ್ಟ್ಯಾಂಡಿಗೆ ಹಾಕಿ. ಹಿಂದಿನ ಚಕ್ರವಾದರೆ ಬ್ರೇಕ್ ರಾಡಿನ ಅಡ್ಜಸ್ಟರ್ ನಟ್ ತೆಗೆದು ರಾಡನ್ನು ಕಳಚಿ, ಬ್ರೇಕ್ ಪ್ಲೇಟನ್ನು ಹಿಡಿದಿರುವ ಟಾರ್ಕ್ ರಾಡಿನ ಪಿನ್ ಮತ್ತು ನಟ್ ಬಿಚ್ಚಿ, ಕೊನೆಯಲ್ಲಿ ಆಕ್ಸಲ್ ಎಳೆಯಿರಿ. ಅನೇಕ 100 ಸಿಸಿ ಗಾಡಿಗಳಲ್ಲಿ ಚೈನ್ ಕಳಚದೆಯೇ ಚಕ್ರ ಹೊರಬರುತ್ತದೆ. ಆಕ್ಸಲ್ ಜೊತೆ ಬರುವ ಬುಷ್, ವಾಷರುಗಳು ಯಾವ ಬದಿಯಲ್ಲಿದ್ದವೆಂಬುದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಚಕ್ರಕ್ಕೆ ಬ್ರೇಕ್ ಕೇಬಲ್ ಬಿಚ್ಚಬೇಕು, ಸ್ಪೀಡೋಮೀಟರ್ ಕೇಬಲ್ ಅಲ್ಲಿಗೆ ಬಂದಿದ್ದರೆ ಅದನ್ನೂ ಬಿಚ್ಚಬೇಕು.

ಒಳಗಿನ ಧೂಳನ್ನು ತೆಗೆಯುವುದು ಹೇಗೆ?

ಊದಬೇಡಿ, ಪಂಕ್ಚರ್ ಅಂಗಡಿಯ ಗಾಳಿ ಪೈಪನ್ನಂತೂ ಹಿಡಿಯಲೇಬೇಡಿ. ಹಳೆಯ ಹಾಗೂ ಅಗ್ಗದ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ, ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ನಂತರ ಕ್ಯಾನ್ಸರಿನಂಥ ಕಾಯಿಲೆ ತರಬಲ್ಲವು. ದಿನವಿಡೀ ಬ್ರೇಕ್ ಬಿಚ್ಚುವ ಮೆಕ್ಯಾನಿಕ್‌ಗಳು, ಅವರ ಜೊತೆ ಕೆಲಸ ಕಲಿಯುವ ಹುಡುಗರು ಇದನ್ನು ತಿಳಿದಿರಲೇಬೇಕು.

ಬ್ರೇಕ್ ಪ್ಲೇಟನ್ನು ಹೊರತೆಗೆದು ನೋಡಿದರೆ ಬೂದು ಮಿಶ್ರಿತ ಕಪ್ಪು ಪುಡಿ ಡ್ರಮ್ಮಿನ ಮೂಲೆಯ ಸುತ್ತಲೂ ಕೂತಿರುವುದು ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿದ ಗಾಡಿಗಳಲ್ಲಿ ಇದೇ ಪುಡಿ ಕ್ಯಾಮ್ ಬುಡದಲ್ಲಿ ಮತ್ತು ಶೂಗಳ ಇನ್ನೊಂದು ತುದಿಯ ಆಂಕರ್ ಪಿನ್ನಿನ ಸುತ್ತ ಗಾರೆಯಂತೆ ಗಟ್ಟಿಯಾಗಿ, ಉಗುರಿನಿಂದ ಕೆರೆದರೂ ಬಿಡದಷ್ಟು ಹಿಡಿದಿರುತ್ತದೆ. ಮೊದಲು ನೀರು ಚಿಮುಕಿಸಿ ನೆನೆಯಲು ಬಿಡಿ, ಆಮೇಲೆ ಸೋಪಿನ ನೀರಿನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಉಜ್ಜುವಾಗ ಬೇರಿಂಗಿಗೆ ನೀರು ಹೋಗದಂತೆ ಬಟ್ಟೆ ತುರುಕಿರಬೇಕು. ಅಂಗಡಿಯಲ್ಲಿ ಸಿಗುವ ಬ್ರೇಕ್ ಕ್ಲೀನರ್ ಸ್ಪ್ರೇ ಬಳಸಿದರೆ ಬೇಗ ಆರುತ್ತದೆ. ಸೀಮೆಎಣ್ಣೆ, ಡೀಸೆಲ್ ಬೇಡ, ಅವು ಜಿಡ್ಡು ಉಳಿಸುತ್ತವೆ.

ಲೈನಿಂಗ್ ಹೊಳೆಯುತ್ತಿದ್ದರೆ ಏನು ಮಾಡಬೇಕು?

ಸರಿಯಾಗಿರುವ ಲೈನಿಂಗ್ ಮಂಕಾಗಿ, ಬೆರಳಿಗೆ ತುಸು ತರಿಯಾಗಿ ತಾಗುತ್ತದೆ. ಹೊಳಪೇರಿದ್ದು ನುಣುಪಾಗಿ, ಓರೆಯಾಗಿ ಹಿಡಿದರೆ ಬೆಳಕು ಚಿಮ್ಮುವಂತಿರುತ್ತದೆ. 80ರಿಂದ 120 ನಂಬರಿನ ಸ್ಯಾಂಡ್ ಪೇಪರನ್ನು ಸಮತಟ್ಟಾದ ಹಲಗೆಯ ಮೇಲಿಡದೆ, ಕೈಯಲ್ಲಿ ಹಿಡಿದು ಶೂವಿನ ಬಾಗಿಗೆ ತಕ್ಕಂತೆ ಉಜ್ಜಿ, ಇಲ್ಲವಾದರೆ ಬಾಗು ಕೆಟ್ಟು ಲೈನಿಂಗಿನ ಮಧ್ಯಭಾಗವೋ ತುದಿಯೋ ಮಾತ್ರ ಡ್ರಮ್ಮಿಗೆ ತಾಗುವಂತಾಗುತ್ತದೆ. ಹೊಳಪು ಹೋಗುವಷ್ಟು ಮಾತ್ರ ಸಾಕು. ಉಜ್ಜುವ ಮುನ್ನ ಲೈನಿಂಗನ್ನು ತುಸು ಒದ್ದೆ ಮಾಡಿಕೊಂಡರೆ ಪುಡಿ ಹಾರುವುದಿಲ್ಲ.

ಇದೇ ಹೊತ್ತಿಗೆ ಲೈನಿಂಗಿನ ಎರಡೂ ತುದಿಗಳ ಚೂಪಾದ ಅಂಚನ್ನು ಅರದಿಂದ ಮೂರು ನಾಲ್ಕು ಮಿಲಿಮೀಟರಿನಷ್ಟು ಇಳಿಜಾರಾಗಿ ತೆಗೆಯುವುದು ಒಳ್ಳೆಯದು. ಡ್ರಮ್ ತಿರುಗುವ ದಿಕ್ಕಿಗೆ ಎದುರಾಗುವ ಅಂಚು ಚೂಪಾಗಿದ್ದರೆ ಅದು ಡ್ರಮ್ಮಿಗೆ ಕಚ್ಚಿಕೊಂಡು ಶೂವನ್ನು ಅದುರಿಸುತ್ತದೆ. ಹೊಸ ಶೂಗಳಿಂದ ಬರುವ ಹಟಮಾರಿ ಶಬ್ದ ಎಷ್ಟೋ ಸಲ ಇಷ್ಟರಿಂದಲೇ ನಿಲ್ಲುತ್ತದೆ.

ಲೈನಿಂಗಿನ ದಪ್ಪ ಅತಿ ಸವೆದ ಜಾಗದಲ್ಲಿ 2 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅಥವಾ ಬಿರುಕು ಕಂಡರೆ ಉಜ್ಜುವ ಶ್ರಮ ಬೇಡ, ಎರಡೂ ಶೂಗಳನ್ನು ಒಟ್ಟಿಗೆ ಬದಲಾಯಿಸಿ.

ಕ್ಯಾಮ್‌ಗೆ ಗ್ರೀಸ್ ಹಾಕಬೇಕೆ? ಎಷ್ಟು?

ಹಾಕಬೇಕು, ಆದರೆ ತೆಳುವಾಗಿ. ಕ್ಯಾಮಿನ ದಂಡ ಬ್ರೇಕ್ ಪ್ಲೇಟಿನಲ್ಲಿ ಕೂರುವ ಜಾಗಕ್ಕೆ, ಕ್ಯಾಮ್ ಮತ್ತು ಶೂ ತಾಗುವ ಮುಖಕ್ಕೆ, ಆಂಕರ್ ಪಿನ್ನಿಗೆ ಬೆರಳ ತುದಿಯಲ್ಲಿ ಸವರಿದಷ್ಟು ಗ್ರೀಸ್ ಸಾಕು. ಹೆಚ್ಚಾದರೆ ಬಿಸಿಗೆ ಕರಗಿ ಲೈನಿಂಗಿನ ಮೇಲೆ ಹರಿಯುತ್ತದೆ. ಚೈನಿಗೆ ಹಾಕುವ ಎಣ್ಣೆ, ಸಾಮಾನ್ಯ ಗ್ರೀಸ್ ಇಲ್ಲಿಗೆ ಸಲ್ಲವು. ಕ್ಯಾಮ್ ಒಣಗಿ ತುಕ್ಕು ಹಿಡಿದಿದ್ದರೆ ಶೂ ಒಮ್ಮೆಗೇ ಜರುಗುವುದಿಲ್ಲ, ಬಿಟ್ಟಾಗ ಪೂರ್ತಿ ಹಿಂದಕ್ಕೂ ಬರುವುದಿಲ್ಲ, ಹೀಗಾಗಿ ಸದಾ ಸ್ವಲ್ಪ ಉಜ್ಜುತ್ತಲೇ ಇದ್ದು ಲೈನಿಂಗ್ ಕಾದು ಹೊಳಪೇರುತ್ತದೆ.

ಶೂಗಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗುಗಳನ್ನೂ ನೋಡಿ. ಬಿಡಿಯಾಗಿ ಹಿಡಿದಾಗ ಸುರುಳಿಗಳ ನಡುವೆ ಬೆಳಕು ಕಂಡರೆ ಅದು ಸೋತಿದೆ. ಹೊಸ ಶೂ ಕೊಳ್ಳುವಾಗ ಸ್ಪ್ರಿಂಗೂ ಹೊಸದೇ ಇರಲಿ, ಅದರ ಬೆಲೆ ಅಲ್ಪ.

ಲೈನಿಂಗಿಗೆ ಎಣ್ಣೆ ತಾಗಿದೆ. ಬೆಂಕಿಯಲ್ಲಿ ಸುಟ್ಟು ಬಳಸಬಹುದೆಂದು ಹೇಳುತ್ತಾರೆ. ನಿಜವೆ?

ದಯವಿಟ್ಟು ಹಾಗೆ ಮಾಡಬೇಡಿ. ಲೈನಿಂಗ್ ಎಣ್ಣೆಯನ್ನು ಹೀರಿಕೊಂಡಿರುತ್ತದೆ, ಸುಟ್ಟರೆ ಮೇಲಿನದು ಹೋದರೂ ಒಳಗಿನದು ಬ್ರೇಕ್ ಬಿಸಿಯಾದಾಗ ಮತ್ತೆ ಹೊರಬರುತ್ತದೆ. ಶೂವಿಗೆ ಲೈನಿಂಗನ್ನು ಹಿಡಿದಿರುವ ಅಂಟು ಬೆಂಕಿಗೆ ಸೋಲುತ್ತದೆ. ಆ ಶೂವನ್ನು ಎಸೆದು, ಎಣ್ಣೆ ಎಲ್ಲಿಂದ ಬಂತೆಂದು ಹುಡುಕಿ. ಹಬ್ಬಿನ ಬೇರಿಂಗ್ ಗ್ರೀಸ್ ಕರಗಿ ಒಳಬಂದಿರಬಹುದು, ಆಯಿಲ್ ಸೀಲ್ ಹರಿದಿರಬಹುದು, ಚೈನಿಗೆ ಹಾಕಿದ ಎಣ್ಣೆ ಸಿಡಿದಿರಬಹುದು. ಕಾರಣ ಉಳಿದರೆ ಹೊಸ ಶೂವೂ ಹಾಳಾಗುತ್ತದೆ.

ಡ್ರಮ್ಮನ್ನು ಲೇತ್‌ನಲ್ಲಿ ಕಡೆಯಿಸಬಹುದೆ?

ಡ್ರಮ್ಮಿನ ಒಳಮೈಯಲ್ಲಿ ಉಗುರು ಸಿಕ್ಕುವಷ್ಟು ಗೀರುಗಳಿದ್ದರೆ ಅಥವಾ ಬ್ರೇಕ್ ಹಾಕಿದಾಗ ಪೆಡಲ್ ಕಾಲಿನಡಿ ಮಿಡಿದಂತಾದರೆ ಆ ಪ್ರಶ್ನೆ ಬರುತ್ತದೆ. ಡ್ರಮ್ಮಿನ ಮೇಲೆ ಗರಿಷ್ಠ ಒಳವ್ಯಾಸವನ್ನು ಎರಕದಲ್ಲೇ ಮೂಡಿಸಿರುತ್ತಾರೆ. 130 ಮಿಲಿಮೀಟರ್ ಡ್ರಮ್ಮಿಗೆ ಅದು ಸಾಮಾನ್ಯವಾಗಿ 131. ಅಂದರೆ ಸವೆತಕ್ಕೂ ಕಡೆತಕ್ಕೂ ಸೇರಿ ವ್ಯಾಸದಲ್ಲಿ ಒಂದೇ ಮಿಲಿಮೀಟರ್ ಅವಕಾಶ. ಆ ಮಿತಿಯೊಳಗಿದ್ದರೆ ಮಾತ್ರ ಕಡೆಯಿಸಿ, ಮೀರಿದ್ದರೆ ಹಬ್ಬನ್ನೇ ಬದಲಾಯಿಸಬೇಕು. ತೆಳುವಾದ ತುಕ್ಕು, ಹೊಳಪು ಇದ್ದರೆ ಸ್ಯಾಂಡ್ ಪೇಪರ್ ಸಾಕು.

ಹೊಸ ಶೂ ಹಾಕಿಸಿದರೂ ಶಬ್ದ ಹೋಗಲಿಲ್ಲ. ಏಕೆ?

ಹೊಸ ಲೈನಿಂಗಿನ ಬಾಗು ಹಳೆಯ, ಸವೆದ ಡ್ರಮ್ಮಿನ ಬಾಗಿಗೆ ಪೂರ್ತಿ ಹೊಂದಿರುವುದಿಲ್ಲ. ಮೊದಲ ನೂರಿನ್ನೂರು ಕಿಲೋಮೀಟರ್ ಹಗುರವಾಗಿ, ಬಿಟ್ಟು ಬಿಟ್ಟು ಬ್ರೇಕ್ ಹಾಕುತ್ತಾ ಓಡಿಸಿದರೆ ಎರಡೂ ಹೊಂದಿಕೊಳ್ಳುತ್ತವೆ. ಆ ಅವಧಿಯಲ್ಲಿ ಬ್ರೇಕಿನ ಹಿಡಿತ ಕಡಿಮೆಯಿರುತ್ತದೆಂಬುದನ್ನು ನೆನಪಿಟ್ಟು ಅಂತರ ಹೆಚ್ಚು ಬಿಡಿ.

ಆ ಮೇಲೂ ಶಬ್ದ ಉಳಿದರೆ ಜೋಡಣೆಯ ಕ್ರಮವನ್ನು ವಿಚಾರಿಸಬೇಕು. ಆಕ್ಸಲ್ ನಟ್ಟನ್ನು ಮೊದಲೇ ಬಿಗಿದುಬಿಟ್ಟರೆ ಬ್ರೇಕ್ ಪ್ಲೇಟ್ ಡ್ರಮ್ಮಿನ ನಡುವಿಗೆ ಕೂರದೆ ಒಂದು ಬದಿಗೆ ವಾಲಿ ಉಳಿಯುತ್ತದೆ. ಸರಿಯಾದ ಕ್ರಮವೆಂದರೆ ನಟ್ಟನ್ನು ಸಡಿಲವಾಗಿಟ್ಟು, ಚಕ್ರ ತಿರುಗಿಸಿ, ಪೆಡಲನ್ನು ಗಟ್ಟಿಯಾಗಿ ಒತ್ತಿ ಚಕ್ರ ನಿಲ್ಲಿಸಿ, ಹಾಗೆಯೇ ಒತ್ತಿ ಹಿಡಿದಿರುವಾಗಲೇ ಆಕ್ಸಲ್ ನಟ್ಟನ್ನು ಬಿಗಿಯುವುದು. ಆಗ ಶೂಗಳೇ ಪ್ಲೇಟನ್ನು ನಡುವಿಗೆ ತಂದುಕೊಳ್ಳುತ್ತವೆ. ಎರಡು ನಿಮಿಷವೂ ಹಿಡಿಯದ ಈ ಕೆಲಸವನ್ನು ಅವಸರದಲ್ಲಿ ಬಿಟ್ಟುಬಿಡುವವರು ಬಹಳ.

ಮತ್ತೆ ಜೋಡಿಸುವಾಗ ಯಾವುದನ್ನು ಮರೆಯಬಾರದು?

ಹಿಂದಿನ ಚಕ್ರದಲ್ಲಿ ಟಾರ್ಕ್ ರಾಡಿನ ನಟ್ ಮತ್ತು ಸ್ಪ್ಲಿಟ್ ಪಿನ್. ಮುಂದಿನ ಚಕ್ರದಲ್ಲಿ ಬ್ರೇಕ್ ಪ್ಲೇಟಿನ ತೋಡು ಫೋರ್ಕಿನ ಮೇಲಿನ ಗಂಟಿಗೆ ಸರಿಯಾಗಿ ಕೂತಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಬ್ರೇಕ್ ಹಾಕಿದಾಗ ಪ್ಲೇಟೇ ಚಕ್ರದ ಜೊತೆ ಸುತ್ತಿ ಚಕ್ರ ಲಾಕ್ ಆಗುತ್ತದೆ. ನಟ್ ಬಿಗಿದವರೇ ಇನ್ನೊಮ್ಮೆ ಮುಟ್ಟಿ ನೋಡಬೇಕು, ಸಾಧ್ಯವಿದ್ದರೆ ಬೇರೊಬ್ಬರಿಂದಲೂ ನೋಡಿಸಬೇಕು.

ಬಳಿಕ ಪ್ಲೇ, ಅಂದರೆ ಬ್ರೇಕ್ ಹಿಡಿಯುವ ಮೊದಲಿನ ಸಡಿಲ, ಹೊಂದಿಸಿ. ಸಾಮಾನ್ಯವಾಗಿ ಮುಂದಿನ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್, ಹಿಂದಿನ ಪೆಡಲಿನಲ್ಲಿ 20ರಿಂದ 30 ಮಿಲಿಮೀಟರ್ ಸಡಿಲವಿರಬೇಕು. ಚೈನ್ ಬಿಗಿದಾಗಲೆಲ್ಲ ಚಕ್ರ ಹಿಂದಕ್ಕೆ ಸರಿಯುವುದರಿಂದ ಹಿಂದಿನ ಬ್ರೇಕಿನ ಪ್ಲೇ ಬದಲಾಗುತ್ತದೆ. ಚೈನ್ ಟೈಟ್ ಮಾಡಿಸಿ ಬ್ರೇಕ್ ನೋಡದೆ ಹೊರಟರೆ ಶೂ ಸದಾ ಉಜ್ಜುತ್ತಾ ಕಾಯುತ್ತದೆ.

ಶೂ ಬದಲಾಯಿಸದೆ ಬ್ರೇಕ್ ಆರ್ಮನ್ನು ಒಂದು ಹಲ್ಲು ಹಿಂದಕ್ಕೆ ಹಾಕಿದರೆ ಸಾಕೆನ್ನುತ್ತಾರೆ. ಮಾಡಬಹುದೆ?

ಸವೆದ ಶೂವಿನ ಆಯಸ್ಸು ಎಳೆಯಲು ಮಾಡುವ ಈ ಉಪಾಯ ಪ್ರಾಣಕ್ಕೆ ಸಂಚಕಾರ. ಕ್ಯಾಮ್ ಮತ್ತು ಆರ್ಮಿನ ಮೇಲಿನ ಚುಕ್ಕೆಗಳು ಎದುರುಬದುರಾಗಿರಬೇಕು. ಆರ್ಮನ್ನು ಬದಲಿಸಿದರೆ ಸವೆತ ತೋರಿಸುವ ಬಾಣ ಸುಳ್ಳು ಹೇಳತೊಡಗುತ್ತದೆ, ಕ್ಯಾಮ್ ಅತಿಯಾಗಿ ತಿರುಗಿ ಮಗುಚಿಕೊಂಡು ಬ್ರೇಕ್ ಹಿಡಿದೇ ಉಳಿಯಲೂಬಹುದು.

ಚಾಮುಂಡಿ ಬೆಟ್ಟ ಇಳಿದು ಬಂದ ಮೇಲೆ ಶಬ್ದ ಹೆಚ್ಚಾಗುತ್ತದೆ. ಏಕೆ?

ಇಬ್ಬರನ್ನು ಕೂರಿಸಿಕೊಂಡು ಕ್ಲಚ್ ಹಿಡಿದು ಅಥವಾ ನ್ಯೂಟ್ರಲ್‌ಗೆ ಹಾಕಿ ಬರೀ ಬ್ರೇಕಿನ ಮೇಲೆ ಬೆಟ್ಟ ಇಳಿದರೆ ಡ್ರಮ್ ವಿಪರೀತ ಕಾಯುತ್ತದೆ. ಮುಚ್ಚಿದ ಡ್ರಮ್ಮಿನಿಂದ ಬಿಸಿ ಬೇಗ ಹೊರಹೋಗದು, ಲೈನಿಂಗಿನ ಮೇಲ್ಮೈ ಗಟ್ಟಿಯಾಗಿ ಹೊಳಪೇರುತ್ತದೆ, ಹಿಡಿತವೂ ಕುಗ್ಗುತ್ತದೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿದರೆ ಎಂಜಿನ್ನೇ ವೇಗವನ್ನು ತಡೆಯುತ್ತದೆ. ಬ್ರೇಕನ್ನು ಸವರಿಕೊಂಡೇ ಇರುವ ಬದಲು ತಿರುವಿಗೆ ಮೊದಲು ಒಮ್ಮೆ ಸರಿಯಾಗಿ ಹಾಕಿ ಬಿಡಿ. ಕೆಳಗೆ ಬಂದು ಕಾದ ಹಬ್ಬಿಗೆ ತಣ್ಣೀರು ಸುರಿಯಬೇಡಿ.

2023ರ ಆಗಸ್ಟ್ 1ರಿಂದ ಮೈಸೂರು ಬೆಂಗಳೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲದ ಕಾರಣ ಸರ್ವಿಸ್ ರಸ್ತೆಯಲ್ಲೇ ಓಡಾಡುವವರಿಗೂ ಈ ಮಾತು ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತದೆ. ಹಂಪು, ಅಡ್ಡರಸ್ತೆಗಳಿರುವಲ್ಲಿ ಬ್ರೇಕಿನ ಬಳಕೆ ಹೆಚ್ಚು, ಧೂಳೂ ಹೆಚ್ಚು.

ಎಷ್ಟು ದಿನಕ್ಕೊಮ್ಮೆ ಡ್ರಮ್ ಬಿಚ್ಚಿ ಶುಚಿಗೊಳಿಸಬೇಕು?

ಪೇಟೆಯ ಡಾಂಬರು ರಸ್ತೆಯಲ್ಲಿ ಮಾತ್ರ ಓಡುವ ಗಾಡಿಗೆ ಸರ್ವಿಸ್ ಮಾಡಿಸುವಾಗ ಹೇಳಿ ಮಾಡಿಸಿದರೆ ಸಾಕು. ನಾಲೆ ಏರಿಯ ಮಣ್ಣುದಾರಿ, ಕಬ್ಬಿನ ಗದ್ದೆಯ ಬದು, ಕೆಸರು ಇವುಗಳಲ್ಲಿ ದಿನವೂ ಓಡುವ ಗಾಡಿಗೆ ಮಳೆಗಾಲ ಮುಗಿದ ಕೂಡಲೇ ಒಮ್ಮೆ, ಬೇಸಿಗೆಯ ಧೂಳು ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಬಿಚ್ಚುವುದು ಸೂಕ್ತ.

ಕೆಲಸ ಸರಿಯಾಗಿದೆಯೆಂದು ಹೇಗೆ ತಿಳಿಯುವುದು?

ಸೆಂಟರ್ ಸ್ಟ್ಯಾಂಡಿನಲ್ಲಿ ಚಕ್ರ ಕೈಯಿಂದ ತಿರುಗಿಸಿದಾಗ ತಡೆಯಿಲ್ಲದೆ ಸುತ್ತಬೇಕು, ಪೆಡಲ್ ಒತ್ತಿದಾಗ ನಿಂತು, ಬಿಟ್ಟ ಕೂಡಲೇ ಮತ್ತೆ ಸಡಿಲವಾಗಬೇಕು. ಬ್ರೇಕ್ ಪೂರ್ತಿ ಒತ್ತಿದಾಗ ಆರ್ಮ್ ಮತ್ತು ರಾಡ್ ನಡುವಿನ ಕೋನ 90 ಡಿಗ್ರಿ ದಾಟಬಾರದು. ನಂತರ ವಾಹನ ಸಂಚಾರವಿಲ್ಲದ ಸಮತಟ್ಟು ರಸ್ತೆಯಲ್ಲಿ 20 ಕಿಲೋಮೀಟರ್ ವೇಗದಲ್ಲಿ ಹೋಗಿ ಪ್ರತಿಯೊಂದು ಬ್ರೇಕನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ನಾಲ್ಕೈದು ಸಲ ನಿಲ್ಲಿಸಿದ ಮೇಲೆ ಇಳಿದು ಹಬ್ಬಿನ ಹತ್ತಿರ ಕೈ ಹಿಡಿದು ನೋಡಿ: ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ಅಡ್ಜಸ್ಟರ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಪ್ಲೇ ಮತ್ತೊಮ್ಮೆ ಅಳೆಯಿರಿ. ಮಾರನೆಯ ದಿನ ಟಾರ್ಕ್ ರಾಡ್ ಮತ್ತು ಆಕ್ಸಲ್ ನಟ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ಬಿಗಿ ನೋಡಿದ ಮೇಲೆಯೇ ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೊರಡಿ.